ಏರಿಗೆ ದಮ್ಮು, ಇಳಿಜಾರಿಗೆ ತೊಡೆ

ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಏರು ಗೊತ್ತೇ ಆಗುವುದಿಲ್ಲ. ಇಂದ್ರಾಳಿ ಸೇತುವೆ ದಾಟಿದ ಮೇಲೆ ಡ್ರೈವರ್ ಗೇರ್ ಬದಲಿಸುತ್ತಾನೆ, ಅಷ್ಟೇ. ಅದೇ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಓಡಿ ನೋಡಿ. ಮಣಿಪಾಲ ಇರುವುದು ಗುಡ್ಡೆಯ ಮೇಲೆ ಅಂತ ಆಗ ಅರ್ಥವಾಗುತ್ತದೆ.

ಮೊದಲ ಸಲ ನಾನು ಟೈಗರ್ ಸರ್ಕಲ್ ಮುಟ್ಟುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತು. ವಾಪಸ್ ಬರುವಾಗ ಮಾತ್ರ ಖುಷಿಯೋ ಖುಷಿ. ಕಾಲು ತಾನಾಗಿ ಓಡುತ್ತಿತ್ತು. ವಾಚಿನಲ್ಲಿ ಜನ್ಮದಲ್ಲಿ ಕಾಣದ ವೇಗ. ಮರುದಿನ ಎದ್ದರೆ ತೊಡೆ ಮುಟ್ಟಲಿಕ್ಕಿಲ್ಲ. ಅದರ ಮರುದಿನ ಇನ್ನೂ ಜಾಸ್ತಿ. ಗೋಡೆ ಹಿಡಿದು ಅಡ್ಡಡ್ಡ ಮೆಟ್ಟಿಲು ಇಳಿಯುವುದನ್ನು ಪಕ್ಕದ ಮನೆಯ ಮಾಸ್ಟ್ರು ನೋಡಿದರು. "ಎಂಥ ಮಾರಾಯ್ರೆ, ನಾಯಿ ಓಡಿಸಿತಾ?"

ಆದರೆ ಒಂದು ವಿಷಯ ಗಮನಿಸಿದೆ. ಮೆಟ್ಟಿಲು ಹತ್ತುವಾಗ ಅಷ್ಟು ನೋವಿಲ್ಲ, ಇಳಿಯುವಾಗಲೇ ಜೀವ ಹೋಗುತ್ತಿತ್ತು. ಹಾಗಾದರೆ ನನ್ನನ್ನು ಮಲಗಿಸಿದ್ದು ಏರು ಅಲ್ಲ, ನಾನು ಖುಷಿಪಟ್ಟ ಇಳಿಜಾರು.

ಬಾವಿಯಿಂದ ನೀರು ಸೇದಿದವರಿಗೆ ಇದನ್ನು ವಿವರಿಸುವುದು ಸುಲಭ. ತುಂಬಿದ ಕೊಡಪಾನ ಎಳೆಯುವಾಗ ಉಸಿರು ಕಟ್ಟುತ್ತದೆ. ಅದೇ ತುಂಬಿದ ಕೊಡಪಾನವನ್ನು ನಿಧಾನವಾಗಿ ಕೆಳಗೆ ಬಿಡಿ. ದಮ್ಮೇನೂ ಬರುವುದಿಲ್ಲ. ಆದರೆ ಹಗ್ಗ ಜಾರುತ್ತಾ ಅಂಗೈ ತರಚುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಮಾಡುವುದು ಇದೇ ಕೆಲಸ. ಪ್ರತಿ ಹೆಜ್ಜೆಗೂ ಮೊಣಕಾಲು ಮಡಚಿಕೊಳ್ಳುತ್ತದೆ, ಅದು ಕುಸಿಯದಂತೆ ಸ್ನಾಯು ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಗಿಡ್ಡವಾಗಬೇಕಾದದ್ದು ಎಳೆಸಿಕೊಂಡು ಉದ್ದವಾದರೆ ಒಳಗಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ.

ಹೀಗೆ ತಡೆದು ಹಿಡಿಯುವ ಕೆಲಸ ಎಷ್ಟು ಅಗ್ಗ ಅಂತ 1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಚಂದವಾಗಿ ತೋರಿಸಿದರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಒಂದೇ ಬಲ, ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತುಂಬಾ ಕಡಿಮೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಪ್ರದರ್ಶನ ನಡೆದಾಗ, ತಡೆಯುವ ಕಡೆ ಕೂತ ಸಣ್ಣ ಮೈಕಟ್ಟಿನ ಹೆಂಗಸು ತುಳಿಯುತ್ತಿದ್ದ ದೊಡ್ಡ ಗಂಡಸನ್ನು ಆರಾಮವಾಗಿ ಸುಸ್ತು ಹೊಡೆಸಿದರು.

ಅದಕ್ಕೇ ಇಳಿಜಾರು ಮೋಸ ಮಾಡುವುದು. ಉಸಿರಿನ ಮೀಟರ್ ಏನೂ ತೋರಿಸುವುದಿಲ್ಲ, ಬಿಲ್ಲು ಎರಡು ದಿನ ಬಿಟ್ಟು ಬರುತ್ತದೆ. ಜಿಮ್ಮಿನಲ್ಲಿ ಈಗಲೂ ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನುವವರಿದ್ದಾರೆ. ಅದು ಓಟ ಮುಗಿದು ಒಂದು ಗಂಟೆಯ ಆಸುಪಾಸಿನಲ್ಲೇ ರಕ್ತದಿಂದ ಕರಗಿ ಹೋಗಿರುತ್ತದೆ. ಮೂರನೇ ದಿನದ ನೋವಿಗೆ ಅದನ್ನು ಬಯ್ಯುವುದು ಅನ್ಯಾಯ. ಸ್ನಾಯುವಿನ ಒಳಗೇ ಎಳೆಗಳು ಹರಿದಿರಬೇಕು ಅಂತ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಲ್ಲೇ ಹೇಳಿದ್ದರು.

ಈಗ ಏರಿನ ಲೆಕ್ಕ. 60 ಕಿಲೋ ತೂಕದವರು 50 ಮೀಟರ್ ಎತ್ತರ ಏರಿದರು ಅಂತಿಟ್ಟುಕೊಳ್ಳಿ. ಮೈಯನ್ನು ಅಷ್ಟು ಎತ್ತಲು ಬೇಕಾದ ಶಕ್ತಿ ಸುಮಾರು 7 ಕಿಲೋಕ್ಯಾಲೊರಿ. ಸ್ನಾಯು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಖರ್ಚು 28. ಅಂದರೆ ಹೆಚ್ಚುಕಡಿಮೆ ಅರ್ಧ ಇಡ್ಲಿ! ಗುಡ್ಡೆ ಹತ್ತಿದ್ದೇನೆ ಅಂತ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ಹೇಳುವ ನಮ್ಮಂಥವರಿಗೆ ಬೇಸರದ ಸಂಗತಿಯೇ.

ಅರ್ಧ ಇಡ್ಲಿಗೆ ಇಷ್ಟು ಏದುಸಿರೇ? ಎಷ್ಟು ಖರ್ಚು ಅನ್ನುವುದಕ್ಕಿಂತ ಎಷ್ಟು ಬೇಗ ಖರ್ಚು ಅನ್ನುವುದು ಮುಖ್ಯ. ಸಮತಟ್ಟಿನಲ್ಲಿ ಓಡುವಾಗ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಕಟ್ಟು ಸ್ಪ್ರಿಂಗಿನ ಹಾಗೆ ಎಳೆದುಕೊಂಡು, ಆ ಶಕ್ತಿಯನ್ನು ವಾಪಸ್ ಕೊಡುತ್ತದೆ. ಏರಿನಲ್ಲಿ ಆ ಉಳಿತಾಯ ಸಾಲುವುದಿಲ್ಲ. ಪ್ರತಿ ಹೆಜ್ಜೆಗೂ ಸ್ನಾಯು ಹೊಸದಾಗಿ ದುಡಿಯಬೇಕು. ಅಲ್ಬರ್ಟೊ ಮಿನೆಟ್ಟಿ ಮತ್ತು ಜೊತೆಗಾರರು ಹತ್ತು ಮಂದಿ ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ 2002ರಲ್ಲಿ ಇದನ್ನೆಲ್ಲ ಅಳೆದು ಪ್ರಕಟಿಸಿದರು. ಅವರ ಸೂತ್ರದ ಪ್ರಕಾರ ಶೇ. 10ರ ಏರಿನಲ್ಲಿ, ಅಂದರೆ ನೂರು ಮೀಟರಿಗೆ ಹತ್ತು ಮೀಟರ್ ಏರುವಲ್ಲಿ, ಖರ್ಚು ಸಮತಟ್ಟಿನ ಸುಮಾರು 1.66 ಪಟ್ಟು. ಅಷ್ಟೇ ಇಳಿಜಾರಿನಲ್ಲಿ ಶೇ. 60ರಷ್ಟು. ಕೂಡಿಸಿ ನೋಡಿ: ಹತ್ತುವಾಗ ಕೊಟ್ಟದ್ದು ಇಳಿಯುವಾಗ ಪೂರ್ತಿ ವಾಪಸ್ ಬರುವುದಿಲ್ಲ.

ಇದರಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ಸಮತಟ್ಟಿನಲ್ಲಿ ಕಿಲೋಮೀಟರಿಗೆ 6 ನಿಮಿಷ ಓಡುವವರು ಅದೇ ದಮ್ಮಿನಲ್ಲಿ ಆ ಏರನ್ನು ಹತ್ತಿದರೆ ಹತ್ತಿರ ಹತ್ತಿರ 10 ನಿಮಿಷ ಆಗುತ್ತದೆ. ಅದು ಸೋಲಲ್ಲ, ಲೆಕ್ಕ. ಏರಿನಲ್ಲಿ ವಾಚು ನೋಡಬೇಡಿ, ಉಸಿರು ಕೇಳಿ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾಟ ಇದೆ. ಏರಿನಲ್ಲಿ ನಿಧಾನ ಆದ ಹಾಗೆ ಮೈಗೆ ತಾಗುವ ಗಾಳಿಯೂ ಕಡಿಮೆ. ಸೆಕೆಗೆ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಸುರಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಆರಿದ್ದು ಮಾತ್ರ ಮಾಡುತ್ತದೆ.

ಇಷ್ಟೆಲ್ಲ ಕಷ್ಟ ಇದ್ದೂ ಏರು ನನಗೆ ಇಷ್ಟ. ಕೊಲೊರಾಡೊದ ಗಾಟ್‌ಶಾಲ್ ಮತ್ತು ಕ್ರಾಮ್ 2005ರಲ್ಲಿ ಪಾದದ ಕೆಳಗಿನ ಬಲ ಅಳೆದರು. 9 ಡಿಗ್ರಿ ಇಳಿಜಾರಿನಲ್ಲಿ ನೆಲದ ಪೆಟ್ಟು ಸಮತಟ್ಟಿಗಿಂತ ಶೇ. 54 ಜಾಸ್ತಿ, ಬ್ರೇಕ್ ಹಾಕುವ ಬಲ ಶೇ. 73 ಜಾಸ್ತಿ. ಅಷ್ಟೇ ಏರಿನಲ್ಲಿ ಆ ಪೆಟ್ಟು ಕಾಣಲೇ ಇಲ್ಲ. ಮುಂದೆ ತಳ್ಳುವ ಬಲ ಮಾತ್ರ ಶೇ. 75 ಏರಿತ್ತು. ಅಂದರೆ ಮೊಣಕಾಲನ್ನು ಕುಟ್ಟದೆ ಸ್ನಾಯುವನ್ನು ದುಡಿಸಬಹುದು. ಹಿಮ್ಮಡಿಯ ಮೇಲ್ಭಾಗ ಮೊದಲೇ ನೋಯುವವರು ಮಾತ್ರ ಕಡಿದಾದ ಏರಿಗೆ ಹೋಗಬೇಡಿ. ಅಲ್ಲಿ ಎಳೆತ ಜಾಸ್ತಿ.

ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಆಕ್ಲೆಂಡಿನ ಗುಡ್ಡಗಳಲ್ಲಿ ತನ್ನ ಹುಡುಗರನ್ನು ಓಡಿಸಿ, ಏರಿನಲ್ಲಿ ನೆಗೆಸಿ ತಯಾರು ಮಾಡಿದರು. ಅವರಲ್ಲೊಬ್ಬ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಗೆದ್ದ. 1964ರಲ್ಲಿ ಟೋಕಿಯೊದಲ್ಲಿ 800, 1500 ಎರಡೂ.

ನಮಗೆ ಪದಕ ಬೇಡ, ಬೆನ್ನು ಬಗ್ಗದಿದ್ದರೆ ಸಾಕು. ಏರು ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ: ಸೊಂಟದಲ್ಲಿ ಬಗ್ಗಿ ಪಾದ ನೋಡುವುದು. ಬಗ್ಗಿದರೆ ಎದೆ ತುಂಬಾ ಉಸಿರು ಬರುವುದಿಲ್ಲ, ತೊಡೆ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ವಾಲಬೇಕಾದದ್ದು ಪಾದದ ಗಂಟಿನಿಂದ. ಇಡೀ ಮೈ ಒಂದು ಏಣಿಯ ಹಾಗೆ ಸ್ವಲ್ಪ ಮುಂದಕ್ಕೆ. ಕಣ್ಣು ಮುಂದಿನ ಕರೆಂಟು ಕಂಬದ ಬುಡದಲ್ಲಿ. ಹೆಜ್ಜೆ ಗಿಡ್ಡ, ಆದರೆ ತಾಳ ಬಿಡಬಾರದು. ಕೈಯನ್ನು ಹಿಂದಕ್ಕೆ ಬೀಸಿದರೆ ಮೊಣಕಾಲು ತಾನಾಗಿ ಮೇಲೆ ಬರುತ್ತದೆ.

ನಾನು ಮಾಡುವುದು ವಾರಕ್ಕೊಂದು ದಿನ. ಹದವಾದ ಏರು, ಒಂದು ನಿಮಿಷ ಗಟ್ಟಿಯಾಗಿ ಮೇಲಕ್ಕೆ, ನಡೆದುಕೊಂಡೇ ಕೆಳಕ್ಕೆ. ಮೊದಲಿಗೆ ನಾಲ್ಕು ಸಲ, ನಿಧಾನಕ್ಕೆ ಎಂಟು. ಇಳಿಜಾರನ್ನೂ ಕಲಿಯಬೇಕು, ಆದರೆ ಚಮಚದಲ್ಲಿ. ಒಮ್ಮೆ ಸ್ವಲ್ಪ ನೋವು ತಿಂದ ಸ್ನಾಯು ಮುಂದಿನ ಹಲವು ವಾರ ಅಂಥದ್ದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಮೊದಲ ಸಲ ಇನ್ನೂರು ಮೀಟರ್ ಇಳಿದಿದ್ದರೆ ಸಾಕಿತ್ತು. ನಾನು ಇಡೀ ಗುಡ್ಡೆ ಇಳಿದಿದ್ದೆ.

ಇಳಿಯುವಾಗ ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮೈಗಿಂತ ಎಷ್ಟೋ ಮುಂದೆ ಬಿದ್ದು ಬ್ರೇಕ್ ಆಗುತ್ತದೆ. ಹೆಜ್ಜೆ ಸಣ್ಣ ಮಾಡಿ, ಬೇಗ ಬೇಗ ಇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಬದಿಯಲ್ಲಿ ಇದೂ ಬೇಡ, ನಡೆದೇ ಇಳಿಯಿರಿ. ಸರಿಯಾಗಿದೆಯಾ ಅಂತ ತಿಳಿಯಲು ನನಗಿರುವ ಉಪಕರಣ ಕಿವಿ ಒಂದೇ. ಬೂಟು ಪಟಪಟ ಅಂದರೆ ಸರಿ. ಸುಸ್ತಾದ ದಿನ ಲಕ್ಷ್ಮೀಂದ್ರನಗರ ದಾಟುವಾಗ ಧಡ್ ಧಡ್ ಶುರುವಾಗುತ್ತದೆ. ಆಗ ನಿಂತು ಇಂದ್ರಾಳಿವರೆಗೆ ನಡೆಯುತ್ತೇನೆ. ಮಾಸ್ಟ್ರು ಹಾಲು ತರಲು ಹೊರಟಿರುತ್ತಾರೆ. "ಇವತ್ತು ನಾಯಿ ಇಲ್ವಾ?" ಅಂತ ಕೇಳುತ್ತಾರೆ.