ನಮ್ಮ ಗುಡ್ಡದಲ್ಲಿ ಬೆಳ್ಳಿ ಗಣಿ ಇತ್ತೇ?

ಪ್ರಶ್ನೆ: ಗೇರುಸೊಪ್ಪೆಯ ರಾಣಿಯ ಕಾಲದಲ್ಲಿ ನಮ್ಮ ಘಟ್ಟದಲ್ಲಿ ಬೆಳ್ಳಿ ಗಣಿ ಇತ್ತು ಅಂತ ಹಿರಿಯರು ಹೇಳುತ್ತಾರೆ. ಈಗ ಬೆಟ್ಟದಲ್ಲಿ ಬಾವಿ ತೋಡಿಸುವಾಗ ಬೆಳ್ಳಗೆ ಫಳಫಳ ಹೊಳೆಯುವ ಕಲ್ಲು ಸಿಕ್ಕಿದೆ. ಇದು ಬೆಳ್ಳಿಯ ಅದಿರೇ?

ಅಲ್ಲ. ಅದು ಅಭ್ರಕ, ನಮ್ಮ ಕಡೆಯ ಮಾತಿನಲ್ಲಿ ಕಾಗೆಬಂಗಾರ. ಸಿದ್ದಾಪುರ, ಹೊನ್ನಾವರ, ಜೋಯಿಡಾ, ಎಲ್ಲ ಕಡೆಯಿಂದಲೂ ಬೇಸಿಗೆಯಲ್ಲಿ ಬಾವಿ ತೋಡುವ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಮೊದಲು ಕಲ್ಲನ್ನು ನೀವೇ ನೋಡಿಕೊಳ್ಳಿ. ಚಾಕುವಿನ ತುದಿಯಿಂದ ಎಬ್ಬಿಸಿದರೆ ತೆಳ್ಳಗಿನ ಹಾಳೆಯಾಗಿ ಎದ್ದು, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆಯೇ? ಹಾಗಾದರೆ ಅಭ್ರಕ, ಇನ್ನು ಯೋಚಿಸುವುದು ಬೇಡ. ಹಾಳೆ ಏಳದಿದ್ದರೆ ಹೆಂಚಿನ ಚೂರೊಂದರ ಒರಟು ಮೈಮೇಲೆ ಉಜ್ಜಿ. ಕೆಂಪು-ಕಂದು ಗೆರೆ ಬಿದ್ದರೆ ಕಬ್ಬಿಣದ ಅದಿರು. ಹಿತ್ತಾಳೆಯ ಹಳದಿ ಹೊಳಪಿದ್ದು, ಉಜ್ಜಿದಾಗ ಹಸಿರು ಮಿಶ್ರಿತ ಕಪ್ಪು ಗೆರೆ ಬಿದ್ದರೆ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಈ ಮೂರರಲ್ಲಿ ಯಾವುದೂ ಬೆಳ್ಳಿಯ ಗಣಿಗೆ ದಾರಿ ತೋರಿಸುವುದಿಲ್ಲ.

ಇಷ್ಟು ಹೇಳಿದರೂ ಜನ ನಂಬುವುದಿಲ್ಲ. "ಇಷ್ಟು ಬೆಳ್ಳಗೆ ಹೊಳೆಯುತ್ತದಲ್ಲ!" ಎನ್ನುತ್ತಾರೆ. ನನಗೆ ಬೇಸರ ತರಿಸುವುದು ಈ ಒಂದು ನಂಬಿಕೆ. ನೆಲದೊಳಗೆ ಬೆಳ್ಳಿ ಬೆಳ್ಳಿಯಾಗಿಯೇ ಹೊಳೆಯುತ್ತ ಕೂತಿರುತ್ತದೆ, ಅಗೆದು ತೆಗೆದರೆ ಆಯಿತು ಎಂಬ ನಂಬಿಕೆ.

ಮನೆಯ ದೇವರ ಪೀಠದ ಬೆಳ್ಳಿಯ ದೀಪವನ್ನು ಒಂದು ಮಳೆಗಾಲ ತಿಕ್ಕದೆ ಬಿಡಿ, ಏನಾಗುತ್ತದೆ? ಕಪ್ಪಾಗುತ್ತದೆ. ಗಾಳಿಯಲ್ಲಿರುವ ಅತ್ಯಲ್ಪ ಗಂಧಕವೇ ಅದಕ್ಕೆ ಸಾಕು. ಹಾಗಿರುವಾಗ ಕೋಟಿಗಟ್ಟಲೆ ವರ್ಷ ಗಂಧಕದ ಖನಿಜಗಳ ನಡುವೆ, ನೀರಿನ ಪಸೆಯಲ್ಲಿ ಇದ್ದ ಬೆಳ್ಳಿ ಬೆಳ್ಳಗೆ ಉಳಿದೀತೇ? ಶುದ್ಧ ಬೆಳ್ಳಿ ನೆಲದಲ್ಲಿ ಸಿಗುವುದೇ ಇಲ್ಲ ಎಂದಲ್ಲ. ನಾರ್ವೆಯ ಕಾಂಗ್ಸ್‌ಬರ್ಗ್ ಗಣಿ 1623ರಿಂದ 1958ರವರೆಗೆ ನಡೆದದ್ದು ಸುರುಳಿ ಸುತ್ತಿದ ತಂತಿಗಳಾಗಿ ಸಿಗುತ್ತಿದ್ದ ಬೆಳ್ಳಿಯಿಂದಲೇ. ಆದರೆ ಅಂಥ ಜಾಗ ಜಗತ್ತಿನಲ್ಲಿ ಬಹಳ ಅಪರೂಪ, ಅಲ್ಲಿನ ತಂತಿಗಳ ಮೈಯೂ ಎಷ್ಟೋ ಸಲ ಕಪ್ಪೇ.

ಹಳೆಯ ಕಾಲದ ಬೆಳ್ಳಿಯ ದೊಡ್ಡ ಪಾಲು ಬಂದದ್ದು ಸೀಸದ ಅದಿರಿನಿಂದ. ಆ ಅದಿರಿನ ಹೆಸರು ಗೆಲೀನಾ. ಸೀಸ ಮತ್ತು ಗಂಧಕ ಕೂಡಿದ ಖನಿಜ, ತೂಕದಲ್ಲಿ ಶೇಕಡ 86ರಷ್ಟು ಸೀಸವೇ. ಬಣ್ಣ ಬೂದು, ಒಡೆದರೆ ಚೌಕ ಚೌಕವಾಗಿ ಮೆಟ್ಟಿಲಿನಂತೆ ಒಡೆಯುತ್ತದೆ. ನೀರಿಗಿಂತ ಏಳೂವರೆ ಪಟ್ಟು ಭಾರ, ಅಭ್ರಕ ಮೂರು ಪಟ್ಟೂ ಇಲ್ಲ. ಗೆಲೀನಾದ ಉಂಡೆಯನ್ನು ಒಮ್ಮೆ ಕೈಯಲ್ಲಿ ಹಿಡಿದವರು ಆಮೇಲೆ ಯಾವತ್ತೂ ಕಾಗೆಬಂಗಾರಕ್ಕೆ ಮೋಸಹೋಗುವುದಿಲ್ಲ. ಬೆಳ್ಳಿ ಇರುವುದು ಇದರೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಒಂದು ಟನ್ ಅದಿರಿಗೆ ನೂರು ಗ್ರಾಂ ಬೆಳ್ಳಿ ಸಿಕ್ಕರೂ ಗಣಿಯವರಿಗೆ ಸಂತೋಷ.

ಅದನ್ನು ಹೊರಗೆ ತೆಗೆಯುವ ವಿದ್ಯೆ ಇದೆಯಲ್ಲ, ಅದನ್ನು ಹೇಳುವಾಗೆಲ್ಲ ನನಗೆ ಹೆಮ್ಮೆಯಾಗುತ್ತದೆ. ಅದಿರನ್ನು ಹುರಿದು ಗಂಧಕ ಕಳೆದು ಮೊದಲು ಸೀಸ ಮಾಡುತ್ತಾರೆ, ಬೆಳ್ಳಿ ಅದರಲ್ಲೇ ಕರಗಿರುತ್ತದೆ. ಆಮೇಲೆ ಆ ಸೀಸವನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯಿಸಿ ಗಾಳಿ ಊದುತ್ತಾರೆ. ಸೀಸ ಗಾಳಿಯ ಆಮ್ಲಜನಕವನ್ನು ಹಿಡಿದು ಆಕ್ಸೈಡ್ ಆಗಿ ಬಟ್ಟಲಿನೊಳಕ್ಕೆ ಇಂಗುತ್ತದೆ. ಬೆಳ್ಳಿ ಆಮ್ಲಜನಕಕ್ಕೆ ಜಗ್ಗುವುದಿಲ್ಲ, ಕೊನೆಗೆ ಒಂದು ಗುಂಡಾಗಿ ಉಳಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಅಶುದ್ಧ ಬೆಳ್ಳಿಗೆ ಕಾಲುಭಾಗ ಸೀಸ ಸೇರಿಸಿ ಶುದ್ಧಮಾಡಬೇಕು ಎಂಬ ಮಾತಿದೆ. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ಸೀಸದ ಹೊಗೆ ನರಗಳಿಗೇ ವಿಷ, ಮಕ್ಕಳಿಗಂತೂ ಇನ್ನೂ ಹೆಚ್ಚು.

ನಿಜವಾದ ಹಳೆಯ ಗಣಿ ಹೇಗಿರುತ್ತದೆ ಎಂದು ನೋಡಬೇಕಾದರೆ ರಾಜಸ್ಥಾನದ ಉದಯಪುರದ ದಕ್ಷಿಣಕ್ಕಿರುವ ಜಾವರ್‌ಗೆ ಹೋಗಬೇಕು. ಅಲ್ಲಿನ ಡಾಲೊಮೈಟ್ (ಸುಣ್ಣದ ಕಲ್ಲಿನ ಜಾತಿಯದು) ಬಂಡೆಗಳಲ್ಲಿ ಸೀಸ, ಸತು, ಬೆಳ್ಳಿ ಒಟ್ಟಿಗೇ ಇವೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅಲ್ಲಿ ಗಣಿ ತೋಡುತ್ತಿದ್ದರು, ಸುರಂಗಗಳಲ್ಲಿ ಉಳಿದಿದ್ದ ಮರದ ತೊಲೆಗಳ ಕಾರ್ಬನ್ ಪರೀಕ್ಷೆಯಿಂದ ಅದು ಗೊತ್ತಾಗಿದೆ. ಬಂಡೆಗೆ ಬೆಂಕಿ ಹಾಕಿ ಬಿರಿಸುತ್ತಿದ್ದರಿಂದ ಸುರಂಗದ ಗೋಡೆಗಳು ನುಣ್ಣಗೆ, ದುಂಡಗೆ ಇವೆ. ಸತುವಿನ ಕಥೆ ಇನ್ನೂ ದೊಡ್ಡದು. ಅದು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅದಿರಿನಿಂದ ಬಿಡಿಸಲು ಅದಕ್ಕಿಂತ ಹೆಚ್ಚು ಕಾವು ಬೇಕು, ಹಾಗಾಗಿ ಲೋಹ ಹುಟ್ಟುವಾಗಲೇ ಆವಿ. ಜಾವರ್‌ನವರು ಬದನೆಕಾಯಿಯ ಆಕಾರದ ಮಣ್ಣಿನ ಕೊಳವೆಗಳನ್ನು ಒಂದು ಒಲೆಗೆ 36ರಂತೆ ತಲೆಕೆಳಗಾಗಿ ಜೋಡಿಸಿ, ಆವಿಯನ್ನು ಕೆಳಗಿನ ತಂಪಿಗೆ ಇಳಿಸಿ ಹಿಡಿದರು. ಯುರೋಪಿನಲ್ಲಿ ಸತುವಿನ ಕಾರ್ಖಾನೆ ಶುರುವಾದದ್ದು 18ನೇ ಶತಮಾನದಲ್ಲಿ, ಜಾವರ್‌ನಲ್ಲಿ ಅದಕ್ಕೂ ಶತಮಾನಗಳ ಹಿಂದೆ. ಸುಟ್ಟ ಕೊಳವೆಗಳ ರಾಶಿ ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ, ಮನೆಯ ಗೋಡೆಗೂ ಅವನ್ನೇ ಕಟ್ಟಿದ್ದಾರೆ.

ಗಣಿ ಎಂದರೆ ಇಂಥ ಗುರುತು ಉಳಿಯಲೇಬೇಕು. ನಮ್ಮ ಘಟ್ಟದಲ್ಲಿ ಬೆಳ್ಳಿಯ ಗಣಿ ಎಂದು ತೋರಿಸುವ ಹೊಂಡಗಳಲ್ಲಿ ಕರಗಿಸಿದ ಸೀಸದ ಕಸ ಎಲ್ಲಿದೆ? ಹೆಚ್ಚಿನವು ಚಿರೇಕಲ್ಲು ಕಡಿದ ಹೊಂಡಗಳು. ಮಿರ್ಜಾನ ಕೋಟೆಯಷ್ಟು ಕಲ್ಲು ಎಲ್ಲಿಂದಲಾದರೂ ಬರಬೇಕಲ್ಲ! ದಾಂಡೇಲಿ ಕಡೆಯ ಕವಳೆ ಗುಹೆಯಂಥವು ಸುಣ್ಣದ ಕಲ್ಲನ್ನು ನೀರೇ ಕೊರೆದು ಮಾಡಿದವು. ಗುಡ್ಡದಲ್ಲಿ ಎಲ್ಲಾದರೂ ಕಪ್ಪು, ತೂತುತೂತಾದ ಕಿಟ್ಟ, ಅಂದರೆ ಲೋಹ ಕರಗಿಸಿ ಉಳಿದ ಕಸ, ಸಿಕ್ಕರೆ ಅದು ಬಹುಮಟ್ಟಿಗೆ ಕಬ್ಬಿಣದ್ದು. ಅದನ್ನು ಎಸೆಯಬೇಡಿ. ಕಬ್ಬಿಣ ಕರಗಿಸುವವರು ಘಟ್ಟದಲ್ಲಿ ಇದ್ದರು ಎಂಬುದಕ್ಕೆ ಅದು ಸಾಕ್ಷಿ, ಬೆಳ್ಳಿಯ ಕಟ್ಟುಕಥೆಗಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು.

ನಮ್ಮಲ್ಲಿ ಯಾಕೆ ಇಲ್ಲ ಎಂದರೆ, ಬಂಡೆಗಳ ವಯಸ್ಸೇ ಕಾರಣ. ಕಾರವಾರದಿಂದ ಶಿರಸಿಯವರೆಗೆ ಮಣ್ಣಿನಡಿ ಇರುವ ಧಾರವಾಡ ಶಿಲೆಗಳು, ಗ್ರಾನೈಟ್, ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು ಎಲ್ಲ ಹೆಚ್ಚುಕಮ್ಮಿ 250 ಕೋಟಿ ವರ್ಷಕ್ಕೂ ಹಳೆಯವು. ಅಷ್ಟು ಹಳೆಯ ಬಂಡೆಗಳಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಸಿಗುತ್ತವೆ, ಜೋಯಿಡಾ ಕಡೆಯ ಮ್ಯಾಂಗನೀಸ್ ಹಾಗೆ ಬಂದದ್ದು. ಸೀಸದ ದೊಡ್ಡ ನಿಕ್ಷೇಪಗಳು ಮಾತ್ರ ಜಗತ್ತಿನ ಯಾವ ಭಾಗದಲ್ಲೂ ಆ ಕಾಲದ ಬಂಡೆಗಳಲ್ಲಿ ಅಪರೂಪ. ಅವು ಹೆಚ್ಚಾಗಿ ಹುಟ್ಟಿದ್ದು ಆಮೇಲೆ, ಸುಮಾರು 180 ಕೋಟಿ ವರ್ಷದ ಈಚೆಗೆ, ಸಮುದ್ರದ ತಳದ ಕೆಸರಿಗೆ ಬಿಸಿ ಉಪ್ಪುನೀರು ನುಗ್ಗಿದ ಕಡೆ.

ಹಾಗಾದರೆ ಗೇರುಸೊಪ್ಪೆಯ ಬೆಳ್ಳಿ ಎಲ್ಲಿಯದು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದೇ. ಚೆನ್ನಭೈರಾದೇವಿ ಆಳಿದ್ದು 1552ರಿಂದ 1606ರವರೆಗೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು, ಬೆಳ್ಳಿಯ ರಾಣಿ ಎನ್ನಲಿಲ್ಲ. ದಕ್ಷಿಣ ಅಮೆರಿಕದ ಪೊಟೊಸಿಯಲ್ಲಿ ಬೆಳ್ಳಿಯ ಬೆಟ್ಟ ಸಿಕ್ಕಿದ್ದು 1545ರಲ್ಲಿ, ಅವಳು ಪಟ್ಟಕ್ಕೆ ಬರುವ ಏಳು ವರ್ಷ ಮೊದಲು. ಆ ಬೆಳ್ಳಿ ಸ್ಪೇನಿಗೆ ಬಂದು, ಅಲ್ಲಿಂದ ಲಿಸ್ಬನ್‌ಗೆ ಹೋಗಿ, ನಾಣ್ಯವಾಗಿ ಹಡಗಿನಲ್ಲಿ ಗೋವೆಗೆ ಇಳಿಯುತ್ತಿತ್ತು. ಜಪಾನಿನ ಇವಾಮಿ ಗಣಿಯಲ್ಲಿ 1533ರಲ್ಲಿ ಸೀಸದಿಂದ ಬೆಳ್ಳಿ ಬಿಡಿಸುವ ವಿದ್ಯೆ ಶುರುವಾದ ಮೇಲೆ ಜಪಾನಿನ ಬೆಳ್ಳಿಯೂ ಪೋರ್ಚುಗೀಸರ ವ್ಯಾಪಾರದೊಳಕ್ಕೆ ಹರಿಯಿತು. ಮೆಣಸಿಗೆ ಅವರು ಕೊಡಲು ತರುತ್ತಿದ್ದದ್ದರಲ್ಲಿ ಈ ಬೆಳ್ಳಿ ಮುಖ್ಯ. ಇತ್ತ ವಿಜಯನಗರದ ನಾಡಿನಲ್ಲಿ ದೊಡ್ಡ ವ್ಯವಹಾರವೆಲ್ಲ ಚಿನ್ನದ ವರಹದಲ್ಲಿ. ಬೆಳ್ಳಿಯದು ತಾರ ಎಂಬ ಪುಟ್ಟ ನಾಣ್ಯ ಮಾತ್ರ.