ನೀರಿನ ಬಾಟಲಿಯಲ್ಲಿ ಆ್ಯಸಿಡ್ ಬೇಡ

ಮುಂಬಯಿಯ ಸಣ್ಣ ಫ್ಲ್ಯಾಟಿನಲ್ಲಿ ಅಡುಗೆಕಟ್ಟೆಯ ಕೆಳಗೆ ಸಿಗುವ ಜಾಗವೇ ಗೋದಾಮು. ಗ್ಯಾಸ್ ಸಿಲಿಂಡರ್, ಅದಕ್ಕೊರಗಿಕೊಂಡು ಟಾಯ್ಲೆಟ್ ಕ್ಲೀನರ್, ಬ್ಲೀಚ್, ಬಾಗಿಲಿಗೆ ಬಂದವನಿಂದ ಕೊಂಡ ಬಿಡಿ ಫಿನೈಲ್. ಈ ಬಿಡಿ ಫಿನೈಲ್, ಆ್ಯಸಿಡ್ ಮನೆಗೆ ಬರುವುದೇ ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ. ದೊಡ್ಡವರೂ ಕತ್ತಲಲ್ಲಿ ನೀರೆಂದು ಎತ್ತಿ ಕುಡಿದಾರು. ಲೇಬಲ್ ಅಂಟಿಸಿದರೂ ಅಕ್ಷರ ಬಾರದ ಮಗುವಿಗೆ ಅದು ನೀರೇ. ಹಾಗೆ ಮಾರುವವನಿಂದ ಕೊಳ್ಳಬೇಡಿ. ಹತ್ತಿಪ್ಪತ್ತು ರೂಪಾಯಿ ಉಳಿತಾಯಕ್ಕೆ ಈ ಅಪಾಯ ಯಾಕೆ?

ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಬಿಸಿಲು ಮತ್ತು ಸೆಕೆಗೆ ಕೆಡುತ್ತದೆ. ಕೆಡುವಾಗ ಆಮ್ಲಜನಕ ಬಿಡುವುದರಿಂದ ಗಟ್ಟಿ ಮುಚ್ಚಿದ ಬಾಟಲಿ ಉಬ್ಬುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಕಂಪನಿಯ ಡಬ್ಬಿ ಬೆಳಕು ದಾಟದಷ್ಟು ದಪ್ಪಗಿರುವುದು ಸುಮ್ಮನೆ ಅಲ್ಲ. ಅದರಲ್ಲೇ ಇರಲಿ, ದೊಡ್ಡ ಕ್ಯಾನಿಗಿಂತ ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಲೋಹದ ಪಾತ್ರೆಗೆ ಸುರಿಯಬೇಡಿ, ಕಬ್ಬಿಣ, ತಾಮ್ರ ತಾಗಿದರೆ ಇನ್ನೂ ಬೇಗ ಕೆಡುತ್ತದೆ.

ಟಾಯ್ಲೆಟ್ ಕ್ಲೀನರಿನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ಸಡಿಲವಾದರೆ ಅದರ ಹಬೆ ಹೊರಬಂದು ಸುತ್ತಲಿನ ಲೋಹವನ್ನೆಲ್ಲ ತುಕ್ಕು ಹಿಡಿಸುತ್ತದೆ: ಸಿಲಿಂಡರಿನ ತಳ, ರೆಗ್ಯುಲೇಟರ್, ನಲ್ಲಿ. ಸಿಲಿಂಡರಿನ ಬಳಿ ಇದನ್ನು ಇಡಬಾರದು ಎನ್ನುವುದು ಅದಕ್ಕೇ. ಬ್ಲೀಚಿನ ಪಕ್ಕದಲ್ಲೂ ಬೇಡ. ಎರಡೂ ಸೋರಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತದೆ. ಆಮ್ಲ ಬಾತ್‌ರೂಮಿನಲ್ಲಿ, ಬ್ಲೀಚ್ ಬಟ್ಟೆ ಒಗೆಯುವ ಕಡೆ, ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಟ್ರೇ: ಇಷ್ಟು ಸಾಕು. ಮೇಲಿನ ಕಪಾಟು ಬೇಡ, ಇಳಿಸುವಾಗ ಜಾರಿದರೆ ಕಣ್ಣಿಗೇ ಬೀಳುತ್ತದೆ. ಮಕ್ಕಳಿದ್ದರೆ ಕೆಳಗಿನ ಕಪಾಟಿಗೆ ಚಿಲಕ.

ಮಳೆಗಾಲದಲ್ಲಿ ಕೈಕೊಡುವುದು ಮೋರಿ ಕಟ್ಟಿದಾಗ ಹಾಕುವ ಕಾಸ್ಟಿಕ್ ಸೋಡಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯ ತೇವವನ್ನು ಹೀರಿ, ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಪ್ಯಾಕೆಟ್ಟಿನಿಂದ ಜಾರುವ ದ್ರವವಾಗಿ ಇಳಿಯುತ್ತದೆ. ಕೆಳಗೆ ಅಲ್ಯುಮಿನಿಯಂ ಪಾತ್ರೆಯಿದ್ದರೆ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಒಂದು ಬಾರಿಗೆ ಬೇಕಾದಷ್ಟೇ ಸಣ್ಣ ಪ್ಯಾಕೆಟ್ ಕೊಳ್ಳಿ. ಉಳಿದರೆ ಗಟ್ಟಿ ಮುಚ್ಚಳದ, ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂದಿರುವ (ಪ್ಲಾಸ್ಟಿಕ್ಕಿನ ಬಗೆಯ ಗುರುತು) ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಹೆಸರು ಬರೆದು ಮೇಲೆ ಸೆಲೋಟೇಪ್ ಅಂಟಿಸಿ. ಆ ಡಬ್ಬಿ ಮತ್ತೆ ಅಡುಗೆಮನೆಗೆ ಬರಬಾರದು.

ಪೇಂಟಿಗೆ ಬೆರೆಸುವ ಥಿನ್ನರ್, ತಂದ ತಗಡಿನ ಡಬ್ಬಿಯಲ್ಲೇ ಇರಲಿ. 6 ಎಂಬ ಗುರುತಿನ ಪ್ಲಾಸ್ಟಿಕ್ಕನ್ನು ಅದು ಕರಗಿಸಿಬಿಡುತ್ತದೆ, ಆವಿ ನೆಲಮಟ್ಟದಲ್ಲೇ ಹರಿದು ಗ್ಯಾಸ್ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಹುದು. ನುಸಿಗುಳಿಗೆಯನ್ನು ಕರ್ಪೂರದ ಡಬ್ಬಿಯ ಹತ್ತಿರ ಸುಳಿಯಗೊಡಬೇಡಿ, ನೋಡಲು ಎರಡೂ ಒಂದೇ ಥರ. ಡಬ್ಬಿಯ ಆಯ್ಕೆ ಉಪ್ಪಿನಕಾಯಿಗೂ ಮುಖ್ಯ: ಭರಣಿಯೋ ಗಾಜೋ ಸರಿ. ಉಪ್ಪು ಮತ್ತು ಹುಳಿ ಸೇರಿದರೆ ಸ್ಟೀಲಿನಲ್ಲೂ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ.

ಯಾರಾದರೂ ಈ ರಾಸಾಯನಿಕಗಳನ್ನು ನುಂಗಿದರೆ ವಾಂತಿ ಮಾಡಿಸಬೇಡಿ: ಆಮ್ಲ, ಕಾಸ್ಟಿಕ್ ಮೇಲೆ ಬರುವಾಗ ಗಂಟಲನ್ನು ಮತ್ತೆ ಸುಡುತ್ತವೆ, ಸೀಮೆಎಣ್ಣೆ, ಥಿನ್ನರ್ ಶ್ವಾಸಕೋಶಕ್ಕೆ ಹೋಗುತ್ತವೆ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ 20 ನಿಮಿಷ ನಲ್ಲಿ ನೀರು. ಆಸ್ಪತ್ರೆಗೆ ಹೊರಡುವಾಗ ಆ ಬಾಟಲಿಯನ್ನೇ ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.