ಹಸಿ ತರಕಾರಿಯೊಡನೆ ಹೊಟ್ಟೆ ಸೇರುವ ಜೀವಿಗಳು

ಕೋಸಂಬರಿಗೆ ಹೆಚ್ಚುವ ಸೌತೆಕಾಯಿಯನ್ನು ಎಷ್ಟೇ ತೊಳೆದರೂ ಅದರಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಉಳಿದೇ ಇರುತ್ತವೆ, ಏಕೆಂದರೆ ಗಿಡ ಬೆಳೆಯುವಾಗಲೇ ಅವು ಮಣ್ಣಿನಿಂದ, ಬೀಜದಿಂದ, ಗಾಳಿಯಿಂದ ಬಂದು ಸಿಪ್ಪೆಯ ಮೇಲಷ್ಟೇ ಅಲ್ಲದೆ ತಿರುಳಿನ ಒಳಗೂ ನೆಲೆಸಿರುತ್ತವೆ. ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಗೇಬ್ರಿಯೆಲ್ ಬರ್ಗ್ ಅವರ ತಂಡವು 2019ರಲ್ಲಿ ಸೇಬನ್ನು ಭಾಗಭಾಗವಾಗಿ ಪರೀಕ್ಷಿಸಿ, ಒಂದು ಹಣ್ಣಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜಿಸಿತು. ಅವುಗಳಲ್ಲಿ ಹೆಚ್ಚಿನವು ನಾವು ಎಸೆದುಬಿಡುವ ಬೀಜದಲ್ಲಿದ್ದವು. ಉಳಿದವುಗಳಲ್ಲಿ ಬಹುಪಾಲು ತಿರುಳಿನಲ್ಲಿದ್ದವು.

ಆದರೆ ವಯಸ್ಕರೊಬ್ಬರ ದೇಹದಲ್ಲಿ, ಅದರಲ್ಲೂ ಬಹುತೇಕ ದೊಡ್ಡ ಕರುಳಿನಲ್ಲೇ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಹೊಸದಾಗಿ ಬಂದವುಗಳಲ್ಲಿ ಅನೇಕವು ಜಠರದ ಆಮ್ಲದಲ್ಲೇ ಸಾಯುತ್ತವೆ. ದಾಟಿ ಬಂದವುಗಳಿಗೆ ಆಮ್ಲಜನಕವೇ ಇಲ್ಲದಂತಹ ತಾಣದಲ್ಲಿ, ಮೊದಲೇ ಬೇರೂರಿರುವ ನಿವಾಸಿಗಳ ನಡುವೆ ಜಾಗ ಸಿಗುವುದು ಕಷ್ಟ. ಆದ್ದರಿಂದ ಹಸಿ ತರಕಾರಿಯ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಬಂದುಹೋಗುವ ಅತಿಥಿಗಳು. ಸಲಾಡನ್ನು ಪ್ರೋಬಯಾಟಿಕ್ (ಒಳ್ಳೆಯ ಜೀವಂತ ಬ್ಯಾಕ್ಟೀರಿಯಾಗಳನ್ನು ಒದಗಿಸುವ) ಔಷಧಿಯೆಂಬಂತೆ ಹೊಗಳುವುದು ನನಗೆ ಸರಿಕಾಣದು. ಅದರ ನಾರಿನಂಶವು ಕರುಳಿನ ಹಳೆಯ ನಿವಾಸಿಗಳಿಗೆ ಆಹಾರವಾಗುತ್ತದೆಂಬುದೇ ದೊಡ್ಡ ಲಾಭ.

ಅತಿಥಿಗಳೆಲ್ಲರೂ ಸಾಧುಗಳೂ ಅಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಯೊಡೆದ ಮೆಂತ್ಯದ ಮೂಲಕ ಹರಡಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ತಳಿಯೊಂದರಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆಬಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತರು. ಮೊಳಕೆ ಬರಲು ಬೇಕಾದ ತೇವ ಮತ್ತು ಬೆಚ್ಚಗಿನ ವಾತಾವರಣವೇ ರೋಗಾಣುಗಳಿಗೂ ಹಿತ. ಗರ್ಭಿಣಿಯರು, ವೃದ್ಧರು, ಪುಟ್ಟ ಮಕ್ಕಳು ಮೊಳಕೆಕಾಳನ್ನು ಬೇಯಿಸಿಯೇ ತಿನ್ನುವುದು ಕ್ಷೇಮ.

ಹಸಿ ತರಕಾರಿಯ ನಿಜವಾದ ಬ್ಯಾಕ್ಟೀರಿಯಾ ಸಂಪತ್ತನ್ನು ನೋಡಬೇಕಾದರೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಕಿಲೋಗೆ 20 ಗ್ರಾಂ ಉಪ್ಪು ಬೆರೆಸಿ, ನೀರು ಬಿಡುವವರೆಗೆ ಹಿಸುಕಿ ಗಾಜಿನ ಭರಣಿಗೆ ಒತ್ತಿ ತುಂಬಬೇಕು. ಕೋಸು ತನ್ನದೇ ನೀರಿನಲ್ಲಿ ಮುಳುಗಿರುವುದು ಮುಖ್ಯ. ಒಂದೆರಡು ದಿನದಲ್ಲಿ ಗುಳ್ಳೆಗಳು ಏಳುತ್ತವೆ, ನೀರು ಮಸುಕಾಗುತ್ತದೆ, ಹಸಿ ಕೋಸಿನ ಘಾಟು ಹೋಗಿ ಹುಳಿವಾಸನೆ ಬರುತ್ತದೆ. ಎಲೆಯ ಮೇಲೆ ಅತ್ಯಲ್ಪ ಸಂಖ್ಯೆಯಲ್ಲಿದ್ದ, ಸಕ್ಕರೆಯನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದ ಆ ಉಪ್ಪುನೀರಿನಲ್ಲಿ ಮೇಲುಗೈ ಸಾಧಿಸಿದ್ದರ ಗುರುತು ಅದು. ಅವುಗಳಲ್ಲಿ ಮೊದಲು ಬೆಳೆಯುವುದು ಲ್ಯೂಕೋನೊಸ್ಟಾಕ್. ಹುಳಿ ಏರಿದಂತೆ ಅದು ಹಿಂದೆ ಸರಿದು, ಆಮ್ಲ ತಾಳಬಲ್ಲ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಂ ಆ ಜಾಗ ಹಿಡಿಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಪ್ರಯೋಗದಲ್ಲಿ, ಹುದುಗಿಸಿದ ತರಕಾರಿ, ಮೊಸರು ಮುಂತಾದವನ್ನು 10 ವಾರ ಹೆಚ್ಚಾಗಿ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತದ ಸೂಚಕಗಳು ಇಳಿದವು.

ಆ ಲ್ಯೂಕೋನೊಸ್ಟಾಕ್ ನಮಗೆ ಹೊಸದೇನಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸುವುದೂ ಅದೇ. ಇಡ್ಲಿಯ ಹಬೆಯಲ್ಲಿ ಅದು ಸಾಯುತ್ತದೆ, ಭರಣಿಯ ಕೋಸನ್ನು ಬಿಸಿಮಾಡದೆ ತಿಂದರೆ ಮಾತ್ರ ಅದರ ಬಳಗ ಜೀವಂತವಾಗಿ ಹೊಟ್ಟೆ ಸೇರುತ್ತದೆ.